ಆಡು ತಿದ್ದಿದ ಅರಳಿಗಿಡ

ನಮ್ಮ ಜಹೀರಾಬಾದಿನ ಮನೆಯ ಬಾವಿಕಟ್ಟೆಯ ಕಲ್ಲುಸಂದಿಯಲ್ಲಿ ಒಂದು ಅರಳಿಗಿಡ ಹುಟ್ಟಿತ್ತು. ಬಿಟ್ಟರೆ ಕಟ್ಟೆ ಸೀಳುತ್ತದೆ, ಕಡಿದರೆ ಪಾಪ. ಅರಳಿಗೆ ಕೊಡಲಿ ಹಾಕಲು ಊರಿನ ಯಾವ ಕೂಲಿಯವನೂ ಒಪ್ಪಲಿಲ್ಲ. ಕೊನೆಗೆ ನನ್ನ ಮಾವನವರೇ ಎರಡು ಕಲ್ಲು ಸಡಿಲಿಸಿ, ಬೇರು ಹರಿಯದಂತೆ ಅದನ್ನು ಎಬ್ಬಿಸಿ, ದನಕ್ಕೆ ನೀರಿಡುತ್ತಿದ್ದ ಒಡಕು ಕಲ್ಲುದೋಣಿಯಲ್ಲಿ ನೆಟ್ಟರು. ಇದೆಲ್ಲ ನಾನು ಸೊಸೆಯಾಗಿ ಬರುವುದಕ್ಕೆ ಮೊದಲಿನ ಮಾತು. ಅದು ನಿಜಾಮರ ಕಾಲ. ನಾನು ಬಂದಾಗ ಗಿಡ ಮೊಣಕಾಲೆತ್ತರ ಇತ್ತು. ಮುಂದೆಯೂ ಅಷ್ಟೇ ಇರಬೇಕೆಂಬುದು ಮಾವನವರ ಹಟ.

ಹೈದರಾಬಾದಿಗೆ ಹೋದಾಗ ಅವರು ಯಾವುದೋ ನವಾಬರ ದೇವಡಿಯಲ್ಲಿ, ಅಂದರೆ ಅರಮನೆಯಂಥ ಮನೆಯಲ್ಲಿ, ಕುಂಡದೊಳಗೇ ಮುದಿಯಾದ ಗಿಡವೊಂದನ್ನು ನೋಡಿ ಬಂದಿದ್ದರಂತೆ. ನೀವು ಈಗ ಅದಕ್ಕೆ ಬೋನ್ಸಾಯ್ ಎನ್ನುತ್ತೀರಿ. ನನ್ನ ಅತ್ತೆ ‘ಅವರ ಹುಚ್ಚು’ ಎನ್ನುತ್ತಿದ್ದರು. ಮಾವ ಟೊಂಗೆಗಳಿಗೆ ತಾಮ್ರದ ತಂತಿ ಸುತ್ತಿ, ದಾರಕ್ಕೆ ಕಲ್ಲು ಕಟ್ಟಿ ತೂಗುಬಿಟ್ಟು ಬಗ್ಗಿಸುತ್ತಿದ್ದರು. ಎಡಕ್ಕೆ ಚಾಚಿದ ಒಂದು ಟೊಂಗೆ ಕೆಳಗಿಳಿದು, ತುದಿಯಲ್ಲಿ ಮತ್ತೆ ಮೇಲೇಳುತ್ತಿತ್ತು. ಅದರ ಮೇಲೆ ಅವರಿಗೆ ಹೆತ್ತ ಮಗನಿಗಿಂತ ಹೆಚ್ಚು ಮಮತೆ.

ಬಗ್ಗಿಸುವುದಕ್ಕೆ ಅತ್ತೆಯ ತಕರಾರಿರಲಿಲ್ಲ. ಮಾವ ಕತ್ತರಿ ಹಿಡಿದರೆ ಮಾತ್ರ ಅಡುಗೆಮನೆಯಿಂದಲೇ ಕೂಗು ಬರುತ್ತಿತ್ತು.

“ಏನ್ರಿ, ಅರಳಿಗಿ ಕತ್ತರಿ ಹಚ್ಚಿದ್ರ ಈ ಮನ್ಯಾಗ ನಾ ಒಲಿ ಹಚ್ಚಲ್ಲ ನೋಡ್ರಿ!”

“ಮತ್ತ ಬೆಳ್ದು ಮುಗಲಿಗಿ ಹತ್ತಬೇಕೇನು?”

“ಹತ್ತಲಿ. ನೀವೇನ್ ಹೊತ್ಕೊಂಡ್ ತಿರಗಬೇಕಾ?”

ಹೀಗಾಗಿ ಮಾವ ಒಂದು ಉಪಾಯ ಹುಡುಕಿದರು. ಆಡು ತಿಂದರೆ ಯಾರಿಗೂ ಪಾಪವಿಲ್ಲವಲ್ಲ! ಬೇಡದ ಚಿಗುರನ್ನಷ್ಟೇ ಹೊರಗೆ ಬಿಟ್ಟು, ಉಳಿದ ಗಿಡಕ್ಕೆ ಗೋಣಿತಟ್ಟು ಸುತ್ತಿ, ಮನೆಯ ಆಡನ್ನು ತರಿಸುತ್ತಿದ್ದರು. ಆಡು ತಿನ್ನುತ್ತಿತ್ತು, ಅತ್ತೆ ಸುಮ್ಮನಿರುತ್ತಿದ್ದರು. ಆಡಿನ ಹಗ್ಗ ಹಿಡಿಯುವ ಕೆಲಸ ನನ್ನದು.

ಹಗ್ಗ ಹಿಡಿಯಬಹುದಿತ್ತು, ಮಾತಾಡುವಂತಿರಲಿಲ್ಲ. ಸೊಸೆ ಮಾವನ ಜೊತೆ ನೇರವಾಗಿ ಮಾತಾಡುವ ರೂಢಿ ಆಗ ನಮ್ಮಲ್ಲಿ ಇರಲಿಲ್ಲ. ನನಗೆ ಹೇಳಬೇಕಾದ್ದನ್ನು ಮಾವ ಅತ್ತೆಗೆ ಹೇಳುತ್ತಿದ್ದರು. ಅತ್ತೆ ಹತ್ತಿರ ಇಲ್ಲದಾಗ ಆಡಿಗೆ ಹೇಳುತ್ತಿದ್ದರು. “ಜರಾ ಹಿಂದ ಸರಿಯವ್ವ” ಎಂದರೆ ನಾನೂ ಆಡೂ ಇಬ್ಬರೂ ಹಿಂದೆ ಸರಿಯುತ್ತಿದ್ದೆವು.

ಆ ಶ್ರಾವಣದಲ್ಲಿ ನನ್ನ ಮದುವೆಯ ನಂತರದ ಮೊದಲ ನಾಗರಪಂಚಮಿ ಬಂತು. ಕೊಹೀರಿನ ತವರಿಗೆ ಹೋಗಿ ಗೆಳತಿಯರ ಜೊತೆ ಜೋಕಾಲಿ ಆಡಬೇಕೆಂದು ಜೀವ ತುಡಿಯುತ್ತಿತ್ತು. ಅಪ್ಪಣೆ ಕೊಡಬೇಕಾದವರು ಮಾವ, ಅವರನ್ನು ಕೇಳಬೇಕಾದವರು ಅತ್ತೆ. ನಿಮ್ಮ ಅಜ್ಜ ವ್ಯಾಪಾರಕ್ಕೆಂದು ತಾಂಡೂರಿನಲ್ಲಿದ್ದರು. ನಾನು ನೆನಪಿಸಿದಾಗಲೆಲ್ಲ ಅತ್ತೆ, “ಹೇಳ್ತೀನ್ ತಡಿ. ಗಿಡದ ಮುಂದ ಕುಂತಾಗ ಏನ್ ಹೇಳಿದ್ರೂ ಅವ್ರ ಕಿವಿಗಿ ಹೋಗಲ್ಲ” ಎನ್ನುತ್ತಿದ್ದರು. ಮಾವ ಗಿಡದ ಮುಂದೆ ಕೂರದ ಹೊತ್ತೇ ಇರಲಿಲ್ಲ.

ಹಬ್ಬದ ಹಿಂದಿನ ದಿನ ನನ್ನನ್ನು ಕರೆದೊಯ್ಯಲು ತವರಿನಿಂದ ನನ್ನ ಅಣ್ಣ ಬಂಡಿ ಹೂಡಿಕೊಂಡು ಬಂದೇಬಿಟ್ಟ. ಅವನೂ ನನ್ನ ಹಾಗೆಯೇ ಮಾತಿಗೆ ಹೆದರುವವನು. ಬಾವಿಕಟ್ಟೆಯ ಮೇಲೆ ಕುಳಿತು ಕೊಟ್ಟ ಅವಲಕ್ಕಿ ತಿಂದ. ಆಮೇಲೆ, “ಹೊತ್ತಾತು, ಮಳಿ ಬರ್ತದ” ಎಂದು ಎತ್ತುಗಳಿಗೆ ಹೇಳಿದ. ಅಪ್ಪಣೆ ಸಿಗದಿದ್ದರೆ ಅವನು ಖಾಲಿ ಬಂಡಿ ಹೊಡೆದುಕೊಂಡು ತಿರುಗಿ ಹೋಗುವವನೇ.

ಅದೇ ಹೊತ್ತಿಗೆ ಮಾವ ಆಡು ತರಿಸಿದರು, ಗೋಣಿತಟ್ಟು ಸುತ್ತಿದರು. ನಾನು ಮೂಗಿನವರೆಗೆ ಸೆರಗೆಳೆದು ಹಗ್ಗ ಹಿಡಿದು ನಿಂತೆ. ಹೊಸ ನೋಡುಗ ಸಿಕ್ಕನಲ್ಲ, ಮಾವ ಅಣ್ಣನಿಗೆ ಗಿಡದ ವರ್ಣನೆ ಶುರುಮಾಡಿದರು.

“ಈ ಎಡಗಡಿ ಟೊಂಗಿ ನೋಡ್ರಿ ಬೀಗರ. ಹಿಂಗ ಬಗ್ಸಾಕ ನನ್ನ ಅರ್ಧ ಆಯುಷ್ಯ ಹೋಗ್ಯದ.”

ತೋರಿಸುವುದಕ್ಕೆಂದು ತಟ್ಟನ್ನು ಸರಿಸಿದರು. ಅಣ್ಣ ನೋಡಿದ. ಆಡೂ ನೋಡಿತು.

ನಾನು ಹಗ್ಗ ಎಳೆದೆ. ಆಡು ನನಗಿಂತ ಗಟ್ಟಿ. ಕೆಮ್ಮಿದೆ. ಬಳೆ ಸಪ್ಪಳ ಮಾಡಿದೆ. ಅತ್ತೆ ಒಳಗೆ ಹಬ್ಬದ ಉಂಡಿ ಕಟ್ಟುತ್ತಿದ್ದರು. ಮಾವ ಅಣ್ಣನ ಮುಖ ನೋಡುತ್ತ ಹೇಳುತ್ತಲೇ ಇದ್ದರು. ಅಣ್ಣ ಆಡಿನ ಮುಖ ನೋಡುತ್ತ “ಹೌದ್ರಿ, ಹೌದ್ರಿ” ಎನ್ನುತ್ತಲೇ ಇದ್ದ.

“ಮಾವಾರ್ರೀ! ಆಡು ಟೊಂಗಿ ತಿಂತದ!”

ಬಾವಿಯೊಳಗಿನ ಪಾರಿವಾಳಗಳು ಹಾರಿದವು. ಒಮ್ಮೆ ತೆರೆದ ನನ್ನ ಬಾಯಿ ಮತ್ತೆ ಮುಚ್ಚಲೇ ಇಲ್ಲ.

“ನಾ ಪಂಚಮಿಗಿ ಕೊಹೀರಕ್ಕ ಹೋಗ್ತೀನ್ರಿ! ಅಣ್ಣ ಮುಂಜಾನಿಂದ ಕುಂತಾನ್ರಿ! ಅತ್ತಿಯವ್ರು ಹೇಳ್ತೀನಿ ಹೇಳ್ತೀನಿ ಅಂತ ಹೇಳೇ ಇಲ್ರಿ!”

ಅತ್ತೆ ಅರ್ಧ ಕಟ್ಟಿದ ಉಂಡಿ ಹಿಡಿದೇ ಹೊರಗೆ ಓಡಿ ಬಂದರು. “ಅಯ್ಯ ಶಿವನೆ, ಯಾರ್ ಒದರಿದ್ದು?”

ಮಾವ ಗಿಡ ನೋಡಿದರು. ತಂತಿ ಸುತ್ತಿದಷ್ಟು ಟೊಂಗೆ ಉಳಿದಿತ್ತು. ಮೇಲೇಳುವ ಆ ಚೆಂದದ ತುದಿ ಆಡಿನ ಬಾಯಲ್ಲಿತ್ತು. ಇನ್ನು ತವರಿನ ಆಸೆ ಮುಗಿಯಿತು ಎಂದುಕೊಂಡು ನಾನು ನೆಲ ನೋಡುತ್ತ ನಿಂತೆ. ಮಾವ ಎಂದಿನಂತೆ ಅತ್ತೆಯ ಕಡೆ ತಿರುಗಿದರು.

“ನಿನ್ ಸೊಸೀಗಿ ಬಾಯಿ ಅದ ಅಂತ ನನಗ್ಯಾಕ ಹೇಳಿಲ್ಲ ನೀ?”

“ನನಗರ ಎಲ್ಲಿ ಗೊತ್ತಿತ್ರಿ?”

“ಬಂಡಿ ಹೂಡ್ರಿ ಅಂತ ಹೇಳು ಬೀಗರಿಗಿ. ಅಕಿನ್ನ ಕಳಸು.” ಟೊಂಗೆಯನ್ನು ಮತ್ತೊಮ್ಮೆ ನೋಡಿ ಉಸಿರು ಬಿಟ್ಟರು. “ಈ ಆಡ್ನೂ ಜೋಡಿ ಕಳಸು. ನನ್ನ ಕಣ್ಣ ಮುಂದ ಇರೂದು ಬ್ಯಾಡ.”

ಅತ್ತೆ ಕಟ್ಟಿದ ಉಂಡಿಯನ್ನೆಲ್ಲ ನನ್ನ ಗಂಟಿಗೆ ಸೇರಿಸಿದರು. ಬಂಡಿಯಲ್ಲಿ ಅಣ್ಣ ಮುಂದೆ, ನಾನು ಹಿಂದೆ, ನಡುವೆ ಆಡು. ಕೊಹೀರು ಬರುವವರೆಗೂ ಅದು ಮಾವನವರ ಅರ್ಧ ಆಯುಷ್ಯವನ್ನು ಮೆಲುಕು ಹಾಕುತ್ತಿತ್ತು.