ಕುಸುಮಕ್ಕನ ಉಪದ್ರ ಪುಸ್ತಕ

ನಿವೃತ್ತಿಗೆ ನಾಲ್ಕು ವರ್ಷವಿದ್ದಾಗ ನನ್ನನ್ನು ಭೂಕಂಪ ಮಾಪನ ಯೋಜನೆಯೊಂದರ ಕ್ಷೇತ್ರಾಧಿಕಾರಿಯಾಗಿ ಮೂಡುಬಿದಿರೆಗೆ ನಿಯೋಜಿಸಿದರು. ಬಂಟ್ವಾಳದ ಹೊಳೆಬದಿಯಿಂದ ಬೆಳ್ತಂಗಡಿಯ ಘಟ್ಟದ ಬುಡದವರೆಗೆ ನೆಲದ ಕಂಪನ ಹಿಡಿಯುವ ಒಂಬತ್ತು ಸೀಸ್ಮೋಮೀಟರುಗಳ ಜಾಲ ನಮ್ಮದು. ಹಿಮಾಲಯದಂತೆ ಭೂಫಲಕಗಳು ಡಿಕ್ಕಿಯಾಗಿ ಎದ್ದದ್ದಲ್ಲ ಪಶ್ಚಿಮಘಟ್ಟ. ಹಾಗಾದರೆ ಎದ್ದದ್ದು ಹೇಗೆ ಎಂಬುದೇ ನಮ್ಮ ಪ್ರಶ್ನೆ. ದೂರದ ಭೂಕಂಪದ ಅಲೆಗಳು ನೆಲದಾಳದಿಂದ ಹಾದು ಪ್ರತಿ ಯಂತ್ರವನ್ನೂ ತುಸು ಬೇರೆ ಬೇರೆ ಹೊತ್ತಿಗೆ ತಲುಪುತ್ತವೆ. ಆ ವ್ಯತ್ಯಾಸದಿಂದ ಕೆಳಗಿನ ಶಿಲಾಪದರ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಲೆಕ್ಕ ಹಾಕುತ್ತಿದ್ದೆವು.

ಒಂದು ಯಂತ್ರ ನಾರಾವಿ ಕಡೆಯ ಶಾಲೆಯೊಂದರ ಉಗ್ರಾಣದಲ್ಲಿತ್ತು. ಬಿಸಿಯೂಟದ ಅಡುಗೆಯ ಕುಸುಮಕ್ಕನಿಗೆ ನೋಟುಪುಸ್ತಕ ಕೊಟ್ಟು, ಹತ್ತಿರದಲ್ಲಿ ಏನು ಅದುರಿದರೂ ಸಮಯ ಬರೆದಿಡಲು ಹೇಳಿದ್ದೆ. ಸಂಬಳವಿಲ್ಲದ ಈ ಕೆಲಸವನ್ನು ಆಕೆಯ ಮೇಲೆ ಹೊರಿಸಿದ್ದು ನಮ್ಮ ಮೊದಲ ಅನ್ಯಾಯ. ಆಕೆ ರಟ್ಟಿನ ಮೇಲೆ ‘ಉಪದ್ರ’, ಅಂದರೆ ಕಾಟ, ಎಂದು ಬರೆದುಕೊಂಡರು. ಅಕ್ಕಿಯ ಲಾರಿ, ಮಕ್ಕಳ ಕಬಡ್ಡಿ, ಗೋಡೆಗೆ ಮೈ ಉಜ್ಜಿದ ದನ, ಎಲ್ಲವೂ ಅದರಲ್ಲಿದ್ದವು.

“ನನ್ನ ಅತ್ತೆಗಿಂತ ಈ ಯಂತ್ರದ ಕಿವಿ ಚುರುಕುಂಟು ಸರ್,” ಎಂದು ನಗುತ್ತಿದ್ದರು.

ಪದೇ ಪದೇ ಬರುತ್ತಿದ್ದ ನಮೂದು ‘ಕಲ್ಲು ಒಡೆದದ್ದು’. ಗುಡ್ಡದಾಚೆ ಸಿಡಿಮದ್ದಿಟ್ಟು ಕಪ್ಪುಕಲ್ಲು ಒಡೆಯುವ ಕೋರೆಯಿತ್ತು. ಆ ಸ್ಫೋಟಗಳ ದಾಖಲೆಯನ್ನು ಕಂಪ್ಯೂಟರಿನಲ್ಲಿ ‘ಕಸ’ ಎಂಬ ಫೋಲ್ಡರಿಗೆ ತಳ್ಳುತ್ತಿದ್ದೆ. ಪರ್ವತದ ಅಧ್ಯಯನಕ್ಕೆ ಅವು ಬೇಡವಾಗಿದ್ದವು.

ಒಂದು ಜನವರಿಯಲ್ಲಿ ಕುಸುಮಕ್ಕನ ಮನೆಯ ಗೋಡೆ ಮೇಲಿಂದ ಕೆಳಗೆ ಬಿರುಕು ಬಿಟ್ಟಿತು. ಕೋರೆಯ ಸ್ಫೋಟವೇ ಕಾರಣವೆಂದು ಅರ್ಜಿ ಕೊಟ್ಟರೆ, ತಾಲೂಕು ಕಚೇರಿಯವರು ಸ್ಥಳಕ್ಕೂ ಬಾರದೆ ‘ಆಧಾರವಿಲ್ಲ’ ಎಂದು ಹಿಂತಿರುಗಿಸಿದರು. ಆಕೆ ಬಿಡದೆ ಮತ್ತೆ ಕೊಟ್ಟು ವಿಚಾರಣೆಯ ದಿನ ಪಡೆದರು.

“ಯಂತ್ರಕ್ಕೆ ಉಪದ್ರ ಆದದ್ದನ್ನು ನಾನು ಬರೆದೆ. ನನ್ನ ಗೋಡೆಗೆ ಆದದ್ದನ್ನು ಯಾರು ಬರೀತಾರೆ ಸರ್?”

ಉತ್ತರ ನನ್ನ ‘ಕಸ’ದಲ್ಲಿತ್ತು. ದಾಖಲೆ ಕೊಡಲು ಅನುಮತಿ ಕೇಳಿದರೆ ಯೋಜನೆಯ ಮುಖ್ಯಸ್ಥರು, “ನಾವು ಘಟ್ಟ ಅಳೆಯಲಿಕ್ಕೆ ಬಂದವರು, ಗೋಡೆ ಅಳೆಯಲಿಕ್ಕಲ್ಲ,” ಎಂದರು. ಅವರ ಮಾತು ಮೀರಿ ದಾಖಲೆಗಳ ಮುದ್ರಿತ ಪ್ರತಿಯೊಂದಿಗೆ ಬೆಳ್ತಂಗಡಿಯ ವಿಚಾರಣೆಗೆ ಹೋದೆ.

ಕೋರೆಯ ಮ್ಯಾನೇಜರ್, “ನಮ್ಮಲ್ಲಿ ಸ್ಫೋಟವೇ ಇಲ್ಲ ಸರ್, ಎಲ್ಲ ಮೆಷಿನ್ ಕಟ್ಟಿಂಗ್. ಗುಡುಗಿಗೆ ಬಿರುಕು ಬಿಟ್ಟಿರಬಹುದು,” ಎಂದ.

ವಿಚಾರಣಾಧಿಕಾರಿ ತಲೆಯೆತ್ತಿದರು. “ಜನವರಿಯಲ್ಲಿ ಎಲ್ಲಿಯ ಗುಡುಗು ಮಾರಾಯ್ರೆ?”

ಮ್ಯಾನೇಜರ್ ಕುಸುಮಕ್ಕನ ಪುಸ್ತಕ ಎಳೆದುಕೊಂಡು ನನ್ನ ಪ್ರತಿಗೆ ಹೋಲಿಸಿದ. “ನೋಡಿ, ಒಂದರ ಸಮಯವೂ ತಾಳೆಯಾಗುವುದಿಲ್ಲ.”

ನಿಜ. ಪುಸ್ತಕದ ಪ್ರತಿ ನಮೂದೂ ಯಂತ್ರದ ಸಮಯಕ್ಕಿಂತ ಆರು ನಿಮಿಷ ಮುಂದಿತ್ತು.

ಕುಸುಮಕ್ಕ ಎದ್ದು ನಿಂತರು. “ನಾನು ಬರೆದದ್ದು ಶಾಲೆಯ ಗಡಿಯಾರ ನೋಡಿ. ಮಕ್ಕಳಿಗೆ ಸಂಜೆಯ ಬಸ್ಸು ತಪ್ಪಬಾರದೆಂದು ಹೆಡ್ಮಾಷ್ಟ್ರು ಆರು ನಿಮಿಷ ಮುಂದೆ ಇಟ್ಟಿದ್ದಾರೆ. ಬೇಕಾದರೆ ಈಗಲೇ ಫೋನ್ ಮಾಡಿ.”

ಅಧಿಕಾರಿ ಅಲ್ಲಿಯೇ ಫೋನ್ ಮಾಡಿ ಗಡಿಯಾರದ ಹೊತ್ತು ಕೇಳಿದರು. ಆರು ನಿಮಿಷ ಮುಂದೆಯೇ ಇತ್ತು. ಯಂತ್ರದ ದಾಖಲೆಯನ್ನು ಕಣ್ಣಲ್ಲೂ ಕಾಣದವರ ಬರಹ ಆರು ನಿಮಿಷ ಕಳೆದರೆ ಅದಕ್ಕೆ ಅಷ್ಟು ಸಮನಾಗಿ ಹೊಂದಿದ್ದನ್ನು ಅಧಿಕಾರಿ ಕಡತದಲ್ಲಿ ಬರೆದುಕೊಂಡರು. ಮರುವಾರ ಸ್ಫೋಟ ನಿಲ್ಲಿಸುವ ಆದೇಶ ಬಂತು.

ಕೋರೆಯವರು ಸುಳ್ಳು ಹೇಳಿದರು, ಕಚೇರಿ ಕಣ್ಣು ಮುಚ್ಚಿತು, ಮುಖ್ಯಸ್ಥರು ಕೈ ತೊಳೆದುಕೊಂಡರು. ಆ ಸಾಲಿನಲ್ಲಿ ನಾನೂ ಇದ್ದೇನೆ: ಆಕೆಯ ಗೋಡೆ ಸೀಳುತ್ತಿದ್ದ ಸದ್ದಿಗೆ ಕಸವೆಂದು ಹೆಸರಿಟ್ಟವನು ನಾನೇ. ಯಾವುದನ್ನಾದರೂ ಎಸೆಯುವ ಮೊದಲು, ಅದು ಯಾರ ಮನೆಯನ್ನು ಅಲುಗಿಸಿತು ಎಂದು ಕೇಳಬೇಕು. ವೃತ್ತಿ ನನಗೆ ಕಲಿಸಿದ್ದು ಅದು.

ಯೋಜನೆ ಮುಗಿದು ಯಂತ್ರ ಒಯ್ಯಲು ಹೋದಾಗ ಕುಸುಮಕ್ಕ ಪುಸ್ತಕ ಒಪ್ಪಿಸಿದರು. ಕೊನೆಯ ಪುಟಗಳಲ್ಲಿ ದಿನಕ್ಕೊಂದು ಸಾಲು, ದುಂಡಗಿನ ಅಕ್ಷರದಲ್ಲಿ: ‘ಇವತ್ತು ಉಪದ್ರ ಇಲ್ಲ.’ ಆ ಪುಸ್ತಕ ಈಗಲೂ ನನ್ನ ಮೇಜಿನ ಮೇಲಿದೆ.