ಬರಿಗಾಲಿಗೊಂದು ದಾರಿ
ದೇವರಾಣೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಸುರಪುರದಿಂದ ಯಾದಗಿರಿತನಕ ಉದ್ಯಾನ ವಿನ್ಯಾಸದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಆದರೂ ಶಹಾಪುರದ ಗುಡಿ ಕಮಿಟಿ ಗೌಡರು ನನ್ನ ಶಿಷ್ಯೆ ಶಬಾನಾಳ ಮೊದಲ ಕೆಲಸಕ್ಕೇ ಕಲ್ಲು ಹಾಕಲು ಹೊರಟಿದ್ದರು.

"ಎಐ ಎರಡು ನಿಮಿಷದಾಗ ನಕ್ಷಿ ಕೊಟ್ಟೈತಿ. ಇನ್ನ ನೀವ್ಯಾಕ್ರಿ?" ಎಂದು ಗೌಡರು ನಮ್ಮಿಬ್ಬರನ್ನೂ ಕೇಳಿದರು.

ನಕ್ಷೆ ಚಂದವೇ ಇತ್ತು. ಗೇಟಿನಿಂದ ಗುಡಿತನಕ ಬಟಾಬಯಲಲ್ಲಿ ಕರಿಕಲ್ಲಿನ ದಾರಿ. ಗೌಡರು ಆಗಲೇ ನಾಲ್ಕು ಚಪ್ಪಡಿ ಹಾಸಿಸಿಯೂ ಇದ್ದರು.

ಶಬಾನಾ ಕೇಳಿದಳು, "ಭಕ್ತರು ಚಪ್ಪಲಿ ಎಲ್ಲಿ ಬಿಡ್ತಾರ್ರಿ?"

"ಗೇಟಿನ್ಯಾಗ."

"ಹಂಗಾರ ನೀವೂ ಬಿಟ್ಟು ಇದರ ಮ್ಯಾಲ ನಡೀರಿ."

ಮೇ ತಿಂಗಳ ಮಧ್ಯಾಹ್ನ. ಮೂರನೇ ಹೆಜ್ಜೆಗೆ ಗೌಡರು "ಯಪ್ಪೋ!" ಎಂದು ಬೇವಿನ ನೆರಳಿಗೆ ಹಾರಿದರು. ಪಾದ ತಿಕ್ಕಿಕೊಳ್ಳುತ್ತ ಅಂದರು, "ಎಐ ಬರೀಲಿ. ತಿದ್ದಾಕ ಮಾತ್ರ ನೀ ಬೇಕವ್ವ."

ಒಂದೇ ಒಂದು ಸಣ್ಣ ಸಂಗತಿ ನಾನು ಸೇರಿಸಿದ್ದು: ಹಾರಿದ್ದು ಗೌಡರಲ್ಲ, ನಡೆದು ತೋರಿಸುತ್ತೇನೆಂದು ಮುಂದೆ ಹೋದ ನಾನು.