ಬೂದಿಯಲ್ಲಿ ತೆಗೆದ ಅಳತೆ

ಅಥಣಿ ಸೀಮೆಯ ಅನಂತಪುರದ ಸಮಗಾರ ಓಣಿಯಲ್ಲಿ ಒಂದು ಜೋಡು ಚಪ್ಪಲಿ ಆಗಬೇಕಾದರೆ ಇಬ್ಬರು ಬೇಕಾಗಿತ್ತು. ಗಂಡಸು ಎಮ್ಮೆಯ ತೊಗಲನ್ನು ನೆನೆಹಾಕಿ, ಕಲ್ಲಿನ ಮೇಲೆ ಬಡಿದು, ರಂಪಿಗೆಯಿಂದ ತಳ ಕೊಯ್ಯುತ್ತಿದ್ದ. ಹೆಂಗಸು ಆಡಿನ ತೊಗಲನ್ನು ಎಳೆಎಳೆಯಾಗಿ ಸೀಳಿ, ಅದು ಒದ್ದೆ ಇರುವಾಗಲೇ ಜಡೆಯಂತೆ ಹೆಣೆದು ಮೇಲಿನ ಪಟ್ಟಿ ಮಾಡಿಕೊಡುತ್ತಿದ್ದಳು. ಕೊಯ್ಯುವ ಕೆಲಸ ಅವರವರ ಮನೆಯೊಳಗೆ. ಹೆಣಿಗೆ ಮಾತ್ರ ಮಧ್ಯಾಹ್ನದ ಊಟವಾದ ಮೇಲೆ ಸುಗಂಧಾಳ ಮನೆಯ ಕಟ್ಟೆಯ ಮೇಲೆ. ಅಲ್ಲಿ ನೆರಳು ನಾಲ್ಕೂವರೆಯವರೆಗೆ ಇರುತ್ತಿತ್ತು, ಮಾತು ಅದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು.

ಆ ಕಟ್ಟೆಯ ಮೇಲೆ ಸುಗಂಧಾಳ ನೆಗೆಣ್ಣಿ ದ್ರೌಪದಿ ಹದಿನಾಲ್ಕು ವರ್ಷ ಹೆಣೆದಿದ್ದಳು. ಅವಳ ಗಂಡ ಜ್ಞಾನದೇವ ಅಣ್ಣ, ಸುಗಂಧಾಳ ಗಂಡ ದಾದಾಸಾಹೇಬ ತಮ್ಮ. ಎದುರುಬದುರು ಮನೆ, ನಡುವೆ ಹನ್ನೊಂದು ಹೆಜ್ಜೆ ಅಗಲದ ಓಣಿ. ದ್ರೌಪದಿಗೆ ಮಕ್ಕಳಿರಲಿಲ್ಲ. ೧೯೮೩ರ ಮಳೆಗಾಲದಲ್ಲಿ ಜ್ಞಾನದೇವ ಕಾಮಾಲೆಯಾಗಿ ಒಂಬತ್ತನೆಯ ದಿನಕ್ಕೆ ತೀರಿಕೊಂಡ. ಆಗ ಅವಳಿಗೆ ಮೂವತ್ತೆರಡು.

ಹದಿಮೂರು ದಿನ ಕಳೆದ ಮೇಲೆ ದಾದಾಸಾಹೇಬ ಅವಳ ಮನೆಗೆ ಬಂದು ಗೋಡೆಯ ಗೂಡಿನಲ್ಲಿದ್ದ ಕಾಗದದ ಕಟ್ಟನ್ನು ತೆಗೆದುಕೊಂಡ. ಅವು ಅಳತೆಯ ಕಾಗದಗಳು. ಗಿರಾಕಿ ಬರಿಗಾಲನ್ನು ಕಾಗದದ ಮೇಲೆ ಇಟ್ಟಾಗ ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದು, ಮೂಲೆಯಲ್ಲಿ ಅವನ ಹೆಸರು ಬರೆದು ಇಟ್ಟದ್ದು. ಆ ಓಣಿಯ ರೀತಿ ಎಂದರೆ, ಅಳತೆ ಯಾರ ಮನೆಯಲ್ಲಿದೆಯೋ ಗಿರಾಕಿ ಅವರವನು.

"ವೈನಿ, ನೀವು ಚಿಂತಿ ಮಾಡಬ್ಯಾಡ್ರಿ," ಎಂದ ದಾದಾಸಾಹೇಬ. "ನಮ್ಮ ಮನ್ಯಾಗ ಉಣ್ರಿ, ನಮ್ಮ ಕಟ್ಟಿ ಮ್ಯಾಲ ಹೆಣೀರಿ. ಅಣ್ಣನ ರಂಪಿಗಿ, ಹತ್ಯಾರ ಎಲ್ಲಾ ಯುಗಾದಿ ಆದ ಮ್ಯಾಲ ಒಯ್ತೀನಿ. ಇಲ್ಲಿ ಸುಮ್ಮನ ತುಕ್ಕ ಹಿಡೀತಾವು."

ಅವನ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಅವಳು ಅವರ ಮನೆಯಲ್ಲಿ ಉಂಡಳು, ಅವರ ಕಟ್ಟೆಯ ಮೇಲೆ ಹೆಣೆದಳು. ಸಂಜೆ ತನ್ನ ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ಮರುದಿನ ಮುಂಜಾನೆಯವರೆಗೆ ಒಂದು ಮಾತೂ ಇಲ್ಲ. ತುಕ್ಕು ಹಿಡಿಯಬಾರದೆಂದು ಒಂದು ಸಂಜೆ ರಂಪಿಗೆಗೆ ಎಣ್ಣೆ ಸವರಿದಳು. ಇನ್ನೊಂದು ಸಂಜೆ ಅದರ ಅಲಗು ನೋಡಲು ಒಂದು ಚೂರು ತೊಗಲು ಕೊಯ್ದಳು. ಅಲಗು ತನ್ನ ಕಡೆಗೆ ಬರಬೇಕು, ತೊಗಲು ತಿರುಗಬೇಕು, ಕೈ ತಿರುಗಬಾರದು. ಹದಿನಾಲ್ಕು ವರ್ಷ ಕಣ್ಣ ಮುಂದೆ ನಡೆದದ್ದು ಕೈಗೆ ಬರಲು ಐದು ತಿಂಗಳು ಹಿಡಿಯಿತು. ಮೂಲೆಯಲ್ಲಿ ಯಾರ ಕಾಲಿನದೂ ಅಲ್ಲದ ತಳಗಳ ಒಂದು ಸಣ್ಣ ರಾಶಿ ಬಿತ್ತು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳುವುದಕ್ಕೆ ಯಾರಾದರೂ ಇದ್ದಿದ್ದರೆ ಬಹುಶಃ ಕೊಯ್ಯುತ್ತಲೂ ಇರಲಿಲ್ಲ.

ಮರುವರ್ಷ ಫೆಬ್ರವರಿಯಲ್ಲಿ ಮುರಗೆಪ್ಪ ಬಂದ. ಊರಾಚೆ ಕಬ್ಬು, ದ್ರಾಕ್ಷಿ ಬೆಳೆಯುವ ಐವತ್ತೈದರ ಒಕ್ಕಲಿಗ. ದಾದಾಸಾಹೇಬನ ಮನೆಯಿಂದ ಹೊರಬಿದ್ದು, ಗೊಣಗುತ್ತಾ ಓಣಿ ದಾಟಿ, ಕಟ್ಟೆಯಿಂದ ಎಳೆ ಒಯ್ಯಲು ಮನೆಗೆ ಬಂದಿದ್ದ ಅವಳ ಬಾಗಿಲ ಮುಂದೆ ನಿಂತ. ಕಾಲು ಬರಿದಾಗಿತ್ತು.

"ನೋಡ ದ್ರೌಪದಿ, ನಿನ್ನ ಮೈದುನ ಹದಿನೈದ ದಿನಾ ಅಂತಾನ. ಹತ್ತ ದಿನಕ್ಕ ನನ್ನ ಮಗನ ಲಗ್ನ ಐತಿ. ಬೀಗರ ಮುಂದ ಬರಿಗಾಲಲೇ ನಿಂದರ್ಲೇನು?"

"ಹಳೇ ಜೋಡ ಏನಾತ್ರಿ?"

"ಮಂಗಸೂಳಿ ಮಲ್ಲಯ್ಯನ ಗುಡಿ ಮುಂದ ಬಿಟ್ಟಿದ್ನಿ. ಕೈ ಮುಗದು ಹೊರಗ ಬರೂದ್ರಾಗ ಯಾವನೋ ಪುಣ್ಯಾತ್ಮ ಮೆಟ್ಕೊಂಡ ಹೋಗ್ಯಾನ. ನಿನ್ನ ಗಂಡನ ಕೈಯಾಗಿನವು, ಕಳ್ಳನೂ ನೋಡಿ ಆರಿಸ್ಯಾನ!"

"ನಾ ಮಾಡಿ ಕೊಡ್ತೀನ್ರಿ," ಎಂದಳು ದ್ರೌಪದಿ. ಮಾತು ಆಡಿದ ಮೇಲೆ ಅವಳಿಗೇ ಅದು ಬೇರೆ ಯಾರೋ ಆಡಿದಂತೆ ಕೇಳಿಸಿತು.

"ನೀನು? ಹೆಣಿಯೂದ ಬ್ಯಾರೆ, ಕೊಯ್ಯೂದ ಬ್ಯಾರೆ ಯವ್ವಾ."

ಅವಳು ಒಳಗೆ ಹೋಗಿ ರಾಶಿಯಿಂದ ಒಂದು ತಳ ತಂದು ಕೊಟ್ಟಳು. ಮುರಗೆಪ್ಪ ಅದನ್ನು ಬಾಗಿಸಿ ನೋಡಿದ, ಅಂಚಿನ ಮೇಲೆ ಹೆಬ್ಬೆರಳು ಎಳೆದ. "ಇದು ಯಾರ ಕೈಯಾಗಿಂದು?"

"ನಂದರಿ."

"ಹಂಗಾರ ಅಳತಿ ತಗೋ," ಎಂದ. ಅಲ್ಲಿಗೆ ಇಬ್ಬರೂ ತಡೆದರು. ಅಳತೆ ಎಂದರೆ ಗಿರಾಕಿಯ ಹಿಮ್ಮಡಿಯನ್ನು ಎಡಗೈಯಲ್ಲಿ ಒತ್ತಿ ಹಿಡಿದು ಬಲಗೈಯಿಂದ ಗೆರೆ ಎಳೆಯಬೇಕು. ಗಂಡ ಸತ್ತ ಹೆಂಗಸು, ಹೊರಗಿನ ಗಂಡಸಿನ ಕಾಲು. ಎದುರು ಕಟ್ಟೆಯ ಮೇಲೆ ನಾಲ್ಕು ಮಂದಿ ಹೆಣೆಯುತ್ತಿದ್ದರು. ಮುರಗೆಪ್ಪ ಬೇವಿನ ಮರ ನೋಡಿದ. ದ್ರೌಪದಿ ನೆಲ ನೋಡಿದಳು. ಆಮೇಲೆ, "ನಿಂದರ್ರಿ," ಎಂದು ಒಲೆಯಿಂದ ಬೂದಿ ತಂದು, ಜರಡಿ ಹಿಡಿದು, ಹೊಸ್ತಿಲ ಹೊರಗೆ ತೆಳ್ಳಗೆ ಹರಡಿದಳು. "ಇದರ ಮ್ಯಾಲ ಎರಡೂ ಕಾಲ ಇಟ್ಟು ತಗೀರಿ."

"ಬೂದ್ಯಾಗ ಕಾಲ ಇಡಸಾಕತ್ತಿ. ಮಾಟಾ-ಗೀಟಾ ಏನೂ ಮಾಡೂದಿಲ್ಲಲಾ?"

"ಮಾಟಾ ಬರತಿದ್ರ ಮನ್ಯಾಗ ಒಬ್ಬಾಕೇ ಕುಂದರ್ತಿದ್ನೇನ್ರಿ?"

ಮುರಗೆಪ್ಪ ನಕ್ಕು ಕಾಲಿಟ್ಟ. ಅವನು ಹೋದ ಮೇಲೆ ಅವಳು ಕಾಲಿನ ಗುರುತನ್ನು ದಾರದಿಂದ ಅಳೆದು, ಕಾಗದಕ್ಕೆ ಇಳಿಸಿ, ಬೂದಿಯನ್ನು ಗುಡಿಸಿ ಹಾಕಿದಳು.

ಸಂಜೆಯೊಳಗೆ ಸುದ್ದಿ ದಾದಾಸಾಹೇಬನಿಗೆ ಮುಟ್ಟಿತು. ಅವನು ಬಾಗಿಲಲ್ಲೇ ನಿಂತು ಹೇಳಿದ: "ಮಾಡ್ರಿ ವೈನಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಮುರಗೆಪ್ಪ ಆ ಜೋಡ ವಾಪಸ್ ತಂದಾ ಅಂದ್ರ ಯುಗಾದಿ ತನಕಾ ಕಾಯೂದಿಲ್ಲ, ಅವತ್ತ ಹತ್ಯಾರ ಒಯ್ತೀನಿ. ಆಮ್ಯಾಲ ಈ ಮಾತ ಮತ್ತ ತಗೀಬಾರದು."

"ಆತು," ಎಂದಳು. ಅದು ಅವಳಿಗೂ ಸರಿ ಎನಿಸಿತ್ತು. ಕೊಯ್ಯಲು ಬರುತ್ತದೆ ಅಥವಾ ಬರುವುದಿಲ್ಲ, ಒಂದು ಜೋಡಿನಲ್ಲಿ ತಿಳಿಯುತ್ತದೆ.

ಐದು ದಿನ ದುಡಿದಳು. ಮೊಳೆ ಹೊಡೆಯಲಿಲ್ಲ, ತೊಗಲಿನ ದಾರದಿಂದಲೇ ಹೊಲಿದಳು. ಏಳನೆಯ ಮುಂಜಾನೆ ಮುರಗೆಪ್ಪ ಬಂದು ಹಾಕಿಕೊಂಡ. ಉಂಗುಟ ಅಂಚಿನ ಹೊರಗೆ ಇಳಿಬಿತ್ತು. ಹಿಮ್ಮಡಿ ಹಿಂದಕ್ಕೆ ಉಳಿಯಿತು. ನಾಲ್ಕು ಹೆಜ್ಜೆ ನಡೆದು ತಿರುಗಿದ.

"ಕೆಲಸಾ ಚೊಲೋ ಐತಿ ತಂಗಿ. ಆದ್ರ ಇವು ನನ್ನ ಕಾಲಿನವಲ್ಲ."

ನೀರು ತುಂಬಿಕೊಂಡು ಎದುರು ಕಟ್ಟೆಯ ಬಳಿ ನಿಂತಿದ್ದವರಲ್ಲಿ ಚನ್ನವ್ವ ಎಂಬ ಮುದುಕಿ ಕೂಗಿದಳು: "ಬೂದಿ ತುಳದು ಸಾವ್ಕಾರ್ರ ಕಾಲ ದೊಡ್ಡವಾಗ್ಯಾವು ನೋಡ ಬೇ!" ಹೆಂಗಸರು ನಕ್ಕರು. ಸುಗಂಧಾ ನಗಲಿಲ್ಲ. ಆದರೆ ತಲೆಯನ್ನೂ ಎತ್ತಲಿಲ್ಲ.

"ನಾಳಿ ಮುಂಜಾನಿ ಒಂದ್ಸಲಾ ಬರ್ರಿ," ಎಂದು ದ್ರೌಪದಿ ಮೆಲ್ಲಗೆ ಕೇಳಿಕೊಂಡಳು. ದಾದಾಸಾಹೇಬ ತೊಗಲು ತರಲು ನಿಪ್ಪಾಣಿಗೆ ಹೋಗಿದ್ದ, ಮರುದಿನ ಸಂಜೆ ಬರುವವನಿದ್ದ. ಅವಳಿಗೆ ಇದ್ದದ್ದು ಅಷ್ಟು ಹೊತ್ತು, ಇನ್ನೊಂದು ಜೋಡಿಗೆ ಆಗುವಷ್ಟು ತೊಗಲು.

ಆ ಮಧ್ಯಾಹ್ನ ಕಟ್ಟೆಗೆ ಹೋಗಲಿಲ್ಲ. ಬಾಗಿಲು ಹಾಕಿಕೊಂಡು, ನೆಲಕ್ಕೆ ಬೂದಿ ಹರಡಿ, ತನ್ನ ಕಾಲನ್ನೇ ಇಟ್ಟು ತೆಗೆದಳು. ನಂತರ ಅದೇ ಕಾಲನ್ನು ಹಳೆಯ ಪತ್ರಿಕೆಯ ಮೇಲೆ ಇಟ್ಟು ಸುತ್ತ ಗೆರೆ ಎಳೆದಳು. ಎರಡನ್ನೂ ದಾರದಿಂದ ಅಳೆದಳು. ಬೂದಿಯ ಕಾಲು ಗಿಡ್ಡಾಗಿತ್ತು. ಎಷ್ಟು ಎಂದು ನೋಡಲು ಗೋಧಿಕಾಳು ಸಾಲಾಗಿ ಜೋಡಿಸಿದಳು. ಮುಂದೆ ಒಂದೂವರೆ ಕಾಳು, ಹಿಂದೆ ಒಂದು ಕಾಳು. ಕಾರಣ ಈಗ ಕಣ್ಣಿಗೇ ಕಾಣುತ್ತಿತ್ತು. ಬೂದಿ ಹೇಳುವುದು ನೆಲಕ್ಕೆ ತಾಗಿದ ಕಾಲನ್ನಷ್ಟೆ. ಹಿಮ್ಮಡಿಯ ಗುಂಡು, ಬೆರಳಿನ ತುದಿ, ಪಕ್ಕದ ಮಾಂಸ ನೆಲದಿಂದ ಮೇಲೆಯೇ ಉಳಿಯುತ್ತವೆ. ಚಪ್ಪಲಿ ಇಡೀ ಕಾಲನ್ನು ಹೊರಬೇಕು.

ಹಾಗಾದರೆ ಎರಡೂವರೆ ಕಾಳು ಕೂಡಿಸಿ ಕೊಯ್ದರಾಯಿತು ಎಂದು ರಂಪಿಗೆ ಎತ್ತಿಕೊಂಡಳು. ತೊಗಲಿಗೆ ತಾಗಿಸುವ ಮೊದಲು ಕೈ ನಿಂತಿತು. ಎರಡೂವರೆ ಕಾಳು ಅವಳ ಕಾಲಿನ ಲೆಕ್ಕ. ಅವಳದು ಒಣಗಿದ ಕಾಲು. ಮುರಗೆಪ್ಪನದು ದಪ್ಪ ಕಾಲು, ನಲವತ್ತು ವರ್ಷ ಹೊಲದಲ್ಲಿ ಹರಡಿದ್ದು. ಅವನ ಕಾಲಿನಲ್ಲಿ ನೆಲಕ್ಕೆ ತಾಗದೆ ಉಳಿದದ್ದು ಎಷ್ಟು ಎಂಬುದನ್ನು ಯಾವ ಬೂದಿಯೂ ಹೇಳುವುದಿಲ್ಲ. ಅದಕ್ಕೆ ಆ ಕಾಲನ್ನೇ ಹಿಡಿಯಬೇಕು. ಅವಳು ರಂಪಿಗೆ ಕೆಳಗಿಟ್ಟಳು. ಹಿಡಿದರೆ ಏನಾಗುತ್ತದೆ ಎಂಬುದೂ ಅವಳಿಗೆ ತಿಳಿದಿತ್ತು.

ಮುಂಜಾನೆ ಮುರಗೆಪ್ಪ ಬಂದಾಗ ಹೊಸ್ತಿಲ ಹೊರಗೆ ಹಲಗೆ, ಹಲಗೆಯ ಮೇಲೆ ಕಾಗದ ಇತ್ತು. ಅವಳು ನೆಲದ ಮೇಲೆ ಕುಳಿತಿದ್ದಳು.

"ಕಾಲ ಇಡ್ರಿ ಸಾವ್ಕಾರ್ರ."

ಅವನು ಕಾಗದ ನೋಡಿದ, ಅವಳ ಕೈಯಲ್ಲಿದ್ದ ಪೆನ್ಸಿಲು ನೋಡಿದ, ತಿರುಗಿ ಓಣಿ ನೋಡಿದ. "ಇಲ್ಲೆ? ಎಲ್ಲಾರ ಮುಂದ?"

"ಒಳಗ ಇಟ್ರ ನೂರು ಮಾತ ಆಗ್ತಾವ್ರಿ. ಎಲ್ಲಾರ ಮುಂದ ಇಟ್ರ ಬರೇ ಅಳತಿ."

ಮುರಗೆಪ್ಪ ಧೋತರದ ಅಂಚನ್ನು ಎತ್ತಿ ಹಿಡಿದು ಬಲಗಾಲು ಇಟ್ಟ. ಅವಳು ಎಡಗೈಯಿಂದ ಹಿಮ್ಮಡಿ ಒತ್ತಿದಳು. ಪೆನ್ಸಿಲು ನೆಟ್ಟಗೆ ನಿಲ್ಲಬೇಕು. ಒಳಕ್ಕೆ ಓರೆಯಾದರೆ ಅಳತೆ ಸಣ್ಣದಾಗುತ್ತದೆ, ಹೊರಕ್ಕೆ ಓರೆಯಾದರೆ ದೊಡ್ಡದು. ಕಿರುಬೆರಳಿನಿಂದ ಹಿಮ್ಮಡಿಗೆ, ಹಿಮ್ಮಡಿಯಿಂದ ಉಂಗುಟಕ್ಕೆ ಗೆರೆ ಬಂದು ಕೂಡಿತು. "ಇನ್ನೊಂದರಿ," ಎಂದಳು. ಓಣಿಯಲ್ಲಿ ನೀರು ತರುತ್ತಿದ್ದವರು ನಿಂತು ನೋಡಿದರು. ಎದುರು ಕಟ್ಟೆಯನ್ನು ಗುಡಿಸುತ್ತಿದ್ದ ಸುಗಂಧಾ ಬಾರಿಗೆ ಹಿಡಿದುಕೊಂಡೇ ಒಳಗೆ ಹೋದಳು.

ಸಂಜೆ ದಾದಾಸಾಹೇಬ ಬಂದಾಗ ಅವಳು ತಳ ಕೊಯ್ಯುತ್ತಿದ್ದಳು.

"ಮುರಗೆಪ್ಪ ವಾಪಸ್ ಕೊಟ್ಟಾನಂತ?"

"ಕೊಟ್ಟಾರ. ಇನ್ನೊಂದ ಅಳತಿ ಕೊಟ್ಟ ಹೋಗ್ಯಾರ."

"ಕೊಟ್ಟ ಹೋಗ್ಯಾರೋ, ನೀವ ಕಾಲ ಹಿಡದ ತಗೊಂಡೀರೋ?"

ಅವಳು ತೊಗಲನ್ನು ತಿರುಗಿಸಿ ಕೊಯ್ಯುತ್ತಲೇ ಇದ್ದಳು. ಹಲಗೆಯ ಮೇಲೆ ಕಾಗದ ಬಿಚ್ಚಿಕೊಂಡಿತ್ತು, ಮೂಲೆಯಲ್ಲಿ ಮುರಗೆಪ್ಪನ ಹೆಸರು. ದಾದಾಸಾಹೇಬ ಅದನ್ನು ಬಹಳ ಹೊತ್ತು ನೋಡಿದ. ಹತ್ಯಾರದ ಮಾತು ತೆಗೆಯಲಿಲ್ಲ. ಅಳತೆ ಇದ್ದ ಮನೆಯಿಂದ ಹತ್ಯಾರ ಒಯ್ಯುವ ರೀತಿ ಆ ಓಣಿಯಲ್ಲಿ ಇರಲಿಲ್ಲ.

"ನಾಳಿಂದ ನಮ್ಮ ಕಟ್ಟಿಗೆ ಬರಬ್ಯಾಡ್ರಿ ವೈನಿ," ಎಂದ ಕೊನೆಗೆ. "ನಾನೂ ಇದೇ ಓಣ್ಯಾಗ ಬಾಳೇವು ಮಾಡಬೇಕು."

ಹಗಲುರಾತ್ರಿ ದುಡಿದು ಮದುವೆಯ ಮುಂಚಿನ ದಿನ ಮುಗಿಸಿದ ಎರಡನೆಯ ಜೋಡು ಸರಿಯಾಯಿತು. ಮುರಗೆಪ್ಪ ಮಗನ ಮದುವೆಯಲ್ಲಿ ದಿನವಿಡೀ ಅದನ್ನೇ ಹಾಕಿಕೊಂಡು ತಿರುಗಿದನೆಂದು ಅವಳಿಗೆ ಗಿರಾಕಿಗಳಿಂದಲೇ ತಿಳಿಯಿತು. ಮೊದಲು ಬಂದವರು ಅವನ ಬೀಗರು, ಆಮೇಲೆ ಅಕ್ಕಪಕ್ಕದ ಹೊಲದವರು. ಗಂಡಸರು ಬಂದು, ಹಲಗೆಯ ಮೇಲೆ ಕಾಲಿಟ್ಟು, ಬೇವಿನ ಮರ ನೋಡುತ್ತಾ ನಿಂತು, ಹೋಗುತ್ತಿದ್ದರು. ಯಾರೂ ಕುಳಿತುಕೊಳ್ಳುತ್ತಿರಲಿಲ್ಲ. ಅವಳಿಗೆ ಅವರ ಮುಖಕ್ಕಿಂತ ಕಾಲಿನ ಪರಿಚಯವೇ ಹೆಚ್ಚಾಯಿತು. ಯಾರ ಎಡಗಾಲು ಅರ್ಧ ಕಾಳು ಉದ್ದ, ಯಾರ ಕಿರುಬೆರಳು ಮೇಲೆ ಹತ್ತಿದೆ, ಎಲ್ಲವೂ ಬಾಯಿಪಾಠ.

ಕಟ್ಟೆಗೆ ಅವಳು ಹೋಗಲಿಲ್ಲ. ಮುಂಜಾನೆ ಕೊಯ್ಯುವುದು, ಮಧ್ಯಾಹ್ನ ತನ್ನ ಹೊಸ್ತಿಲ ಒಳಗೆ ಕುಳಿತು ಹೆಣೆಯುವುದು. ಹನ್ನೊಂದು ಹೆಜ್ಜೆ ಆಚೆ ಆಡಿದ ಮಾತು ಚೆನ್ನಾಗಿಯೇ ಕೇಳುತ್ತಿತ್ತು. ಯಾರ ಮಗಳಿಗೆ ಎಲ್ಲಿ ಗಂಡು ಬಂತು, ಯಾರ ಆಕಳು ಈಯಿತು. ಸುಗಂಧಾ ಏನಾದರೂ ಕೇಳಿದರೆ ದ್ರೌಪದಿ ಇಲ್ಲಿಂದಲೇ, ತನಗೆ ಮಾತ್ರ ಕೇಳುವಷ್ಟು, ಉತ್ತರ ಹೇಳುತ್ತಿದ್ದಳು. ಅವಳು ಹೇಳಿದ್ದನ್ನೇ ಅಲ್ಲಿ ಬೇರೆ ಯಾರಾದರೂ ಹೇಳಿದರೆ ಆ ದಿನ ಸ್ವಲ್ಪ ಹಗುರ.

ಹೀಗೆ ಏಳು ವರ್ಷ ಹೋಯಿತು. ೧೯೯೧ರಲ್ಲಿ ಅಥಣಿಯ ಒಬ್ಬ ಅಂಗಡಿಯವನು ಪ್ರತಿ ವಾರ ಏಳೆಂಟು ಜೋಡು ಬೇಕೆಂದು ಹೇಳಿದ. ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ. ಅದೇ ಕಾಲಕ್ಕೆ ದಾದಾಸಾಹೇಬ ರಂಪಿಗೆ ಬಿಟ್ಟು ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮಿ ಕೆಲಸಕ್ಕೆ ಸೇರಿದ. ರಬ್ಬರು ಚಪ್ಪಲಿ ಬಂದ ಮೇಲೆ ಅವನಿಗೂ ಓಣಿಯ ಉಳಿದವರಿಗೂ ಗಿರಾಕಿ ಕಡಿಮೆಯಾಗಿದ್ದರು. ಕಟ್ಟೆಯ ಹೆಂಗಸರಿಗೆ ಹೆಣೆಯಲು ತೊಗಲು ಬರುವುದು ನಿಂತಿತು.

ಒಂದು ಮುಂಜಾನೆ ಸುಗಂಧಾ ಬಾಗಿಲಿಗೆ ಬಂದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಇಷ್ಟು ಹತ್ತಿರದಿಂದ ದ್ರೌಪದಿ ಅದನ್ನು ನೋಡಿರಲಿಲ್ಲ.

"ಅಕ್ಕಾ, ಹೆಣಿಗಿ ಇದ್ರ ಕೊಡ್ತಿಯೇನ?"

"ಐತಿ, ಬೇಕಾದಷ್ಟ ಐತಿ. ಒಳಗ ಬಾ. ಇಲ್ಲೇ ಕುಂತ ಹೆಣಿ."

"ಇಲ್ಲಕ್ಕಾ. ಚನ್ನವ್ವ, ಅವರೆಲ್ಲಾ ಅಲ್ಲಿ ಕುಂತಾರ. ಅವರಿಗೂ ಒಂದಿಷ್ಟ ಕೊಡು, ಪುಣ್ಯಾ ಬರತೈತಿ."

ದ್ರೌಪದಿ ಇದ್ದ ಆಡಿನ ತೊಗಲನ್ನೆಲ್ಲ ಕೊಟ್ಟಳು. ಪಟ್ಟಿ ಎಷ್ಟು ಉದ್ದ, ಜಡೆ ಎಷ್ಟು ಬಿಗಿ ಎಂದು ಹೇಳಿದಳು. ಸುಗಂಧಾ ತಲೆಯಾಡಿಸಿ ಕೇಳಿದಳು, ಹಿಂದೆ ಯಾವತ್ತೂ ಅವಳು ಹಾಗೆ ಕೇಳಿದವಳಲ್ಲ.

ಮಧ್ಯಾಹ್ನ ಉಂಡ ಮೇಲೆ ದ್ರೌಪದಿಗೆ ಮಾಡಲು ಏನೂ ಇರಲಿಲ್ಲ. ಕೊಯ್ಯುವುದು ಮುಗಿದಿತ್ತು, ಹೆಣಿಗೆ ಓಣಿಯಾಚೆ ಹೋಗಿತ್ತು. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳು. ಎದುರು ಮಾತು ಶುರುವಾಯಿತು, ಯಾರೋ ನಕ್ಕರು. ಅವಳು ಎದ್ದು ಮೂಲೆಯಲ್ಲಿ ಉಳಿದಿದ್ದ ಒಂದು ಹಿಡಿ ಎಳೆಗಳನ್ನು ನೀರಿಗೆ ಅದ್ದಿ, ಸೆರಗಿನಲ್ಲಿ ಹಿಡಿದು, ಓಣಿ ದಾಟಿದಳು.

ಕಟ್ಟೆಯ ಹತ್ತಿರ ಹೋಗುವಷ್ಟರಲ್ಲಿ ಮಾತು ನಿಂತಿತು. "ಬರ್ರಿ," ಎಂದಳು ಹಿಂದೆ ಏಕವಚನದಲ್ಲೇ ಕರೆಯುತ್ತಿದ್ದ ಚನ್ನವ್ವ. ಬಯ್ಯಲಿಲ್ಲ, ಚೇಷ್ಟೆ ಮಾಡಲಿಲ್ಲ. ಎಲ್ಲರೂ ಸರಿದರು. ಹಿಂದೆ ಐದು ಮಂದಿ ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದ ಕಟ್ಟೆ ಅದು. ಈಗ ಅವಳ ಎರಡೂ ಪಕ್ಕಕ್ಕೆ ಒಂದೊಂದು ಮೊಳ ಬಿಟ್ಟು ಕುಳಿತರು. ಅವಳು ಎಳೆಗಳನ್ನು ಬಿಡಿಸಿಕೊಂಡು ಹೆಣೆಯತೊಡಗಿದಳು. ಸುಗಂಧಾ ತನ್ನ ಪಟ್ಟಿಯನ್ನು ಅವಳತ್ತ ಚಾಚಿ, "ಇಷ್ಟ ಬಿಗಿ ಸಾಕೇನಕ್ಕಾ?" ಎಂದು ಕೇಳಿದಳು. ಸಾಕು ಎಂದಳು ದ್ರೌಪದಿ. ಈ ಸಲ ಎಲ್ಲರಿಗೂ ಕೇಳಿಸಿತು.